ಮನೆಯೊಳಗಿನ ಹಂಚಿಕೆ

ಹಂಚಿಕೆಯೆಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಅಣ್ಣತಮ್ಮಂದಿರು ಪಿತ್ರಾರ್ಜಿತವಾದ ಗದ್ದೆಯನ್ನು ಹಂಚಿಕೊಂಡರೆಂದಾಗ ಭಾಗಮಾಡಿಕೊಳ್ಳುವುದೆಂದು ಅರ್ಥ. ಆ ಗದ್ದೆಯಲ್ಲಿ ನೀರು ನಿಲ್ಲುವ ಭಾಗವು ತನಗೇ ಬರಬೇಕೆಂದು ಅವರಲ್ಲೊಬ್ಬನು ಹಂಚಿಕೆ ಹೂಡಿದನೆಂದಾಗ ಉಪಾಯವೆಂದು ಅರ್ಥ. ಈ ಎರಡು ಅರ್ಥಗಳೂ ಒಂದೇ ಮಾತಿನಲ್ಲಿ ಬಂದು ಕುಳಿತಿರುವುದು ಕೇವಲ ಆಕಸ್ಮಿಕವೆಂದು ನಾನು ನಂಬಲಾರೆ. ಪಾಲುಪಟ್ಟಿಯ ಪಂಚಾಯಿತಿಯನ್ನು ಒಮ್ಮೆಯಾದರೂ ಕಂಡವರಿಗೆ, ಉಪಾಯವಿಲ್ಲದ ಭಾಗ ಲೋಕದಲ್ಲಿ ದುರ್ಲಭವೆಂಬುದು ತಿಳಿದೇ ಇರುವುದು.

ಈಚಿನ ಕಾಲದಲ್ಲಿ ಈ ಮಾತಿಗೆ ಮೂರನೆಯ ಅರ್ಥವೊಂದು ಸೇರಿಕೊಂಡಿದೆ. ಒಂದು ಕಂಪ್ಯೂಟರಿನಲ್ಲಿರುವ ಬರಹವನ್ನು ಅದೇ ಮನೆಯ ಮತ್ತೊಂದು ಕಂಪ್ಯೂಟರಿನಲ್ಲಿ ತೆರೆದು ಓದುವುದು, ನಡುಮನೆಯಲ್ಲಿರುವ ಒಂದೇ ಪ್ರಿಂಟರಿಗೆ ಮನೆಯವರೆಲ್ಲರೂ ತಂತಿಯಿಲ್ಲದೆ ಬರಹಗಳನ್ನು ಕಳುಹಿಸಿ ಅಚ್ಚುಮಾಡಿಸಿಕೊಳ್ಳುವುದು, ಇದಕ್ಕೂ ಹಂಚಿಕೆಯೆಂದೇ ಹೆಸರು. ಗದ್ದೆಯನ್ನು ಹಂಚಿದರೆ ಕೊಟ್ಟವನಿಗೆ ಕಡಮೆಯಾಗುತ್ತದೆ. ಈ ಹಂಚಿಕೆಯಲ್ಲಿ ಯಾರಿಗೂ ಕಡಮೆಯಾಗುವುದಿಲ್ಲ. ನಮ್ಮ ಹಿರಿಯರು ವಿದ್ಯೆಗೆ ಮಾತ್ರವೇ ಉಂಟೆಂದು ಹೇಳುತ್ತಿದ್ದ ಗುಣವಿದು. ಇಷ್ಟು ನಿರುಪದ್ರವವಾದ ಹಂಚಿಕೆಯಲ್ಲಿ ತೊಡಕಿಗೆ ಎಡೆಯೆಲ್ಲಿ ಎಂದು ಯಾರಾದರೂ ಕೇಳಬಹುದು. ಒಂದೇ ಸೂರಿನ ಕೆಳಗಿರುವ ಮೂರು ನಾಲ್ಕು ಯಂತ್ರಗಳಿಗೆ ಪರಸ್ಪರ ಪರಿಚಯ ಮಾಡಿಸಲು ಪ್ರಯತ್ನಪಟ್ಟವರು ಮಾತ್ರ ಹಾಗೆ ಕೇಳಲಾರರು. ಅವು ಸಮುದ್ರದಾಚೆಯ ಯಂತ್ರಗಳೊಡನೆ ಕ್ಷಣಮಾತ್ರದಲ್ಲಿ ಮಾತನಾಡುವುವು. ಪಕ್ಕದ ಕೋಣೆಯಲ್ಲಿರುವುದನ್ನು ಕಂಡರಿಯವು. ಈ ವಿಚಿತ್ರವನ್ನು ಕುರಿತು, ನಮ್ಮ ಮನೆಯಲ್ಲಿ ನಡೆದುದನ್ನೇ ಆಧಾರವಾಗಿಟ್ಟುಕೊಂಡು, ಕೆಲವು ಮಾತುಗಳನ್ನು ಬರೆಯುತ್ತೇನೆ.

ನಮ್ಮದು ಮಲೆನಾಡಿನ ಹಳೆಯ ತೊಟ್ಟಿಮನೆ. ಗೋಡೆಗಳು ಮಣ್ಣಿನವು, ಒಂದೊಂದೂ ಒಂದೂವರೆ ಮೊಳ ದಪ್ಪ. ಹೊರಗಿನಿಂದ ಬಂದ ಇಂಟರ್‌ನೆಟ್ಟಿನ ತಂತಿಯೂ ರೌಟರೆಂಬ ಪೆಟ್ಟಿಗೆಯೂ ಮುಂದಿನ ಜಗಲಿಯಲ್ಲಿವೆ, ಪ್ರಿಂಟರು ನಡುಮನೆಯಲ್ಲಿ, ನನ್ನ ಅತ್ತಿಗೆಯವರ ಕಂಪ್ಯೂಟರು ಹಿತ್ತಲ ಕಡೆಯ ಕೋಣೆಯಲ್ಲಿ. ಅತ್ತಿಗೆಯವರಿಗೆ ಈಗ ಎಪ್ಪತ್ತೊಂಬತ್ತು ವರ್ಷ. ನನ್ನ ಅಣ್ಣನವರು ತೀರಿಕೊಂಡ ಮೇಲೆ ಅವರು, ತಮ್ಮ ತಾಯಿಯಿಂದಲೂ ಸೋದರತ್ತೆಯಿಂದಲೂ ಕಲಿತಿದ್ದ ಮದುವೆಯ ಹಾಡುಗಳನ್ನೆಲ್ಲ ನೆನಪಿಗೆ ತಂದುಕೊಂಡು, ಎರಡು ಮಳೆಗಾಲ ಕುಳಿತು, ಒಂದೇ ಬೆರಳಿನಿಂದ ಅಕ್ಷರಗಳನ್ನೊತ್ತಿ ಬರೆದಿಟ್ಟರು. ಎಣ್ಣೆಶಾಸ್ತ್ರದ ಹಾಡು, ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಉರುಟಣೆಯ ಹಾಡು, ಬೀಗಿತ್ತಿಯರನ್ನು ಹಾಸ್ಯಮಾಡುವ ಹಾಡು, ಹೀಗೆ ನೂರ ಮೂವತ್ತಕ್ಕೆ ಮೇಲಾಯಿತು. ಇವುಗಳಲ್ಲಿ ಎಷ್ಟೋ ಹಾಡುಗಳು ನಮ್ಮ ಸೀಮೆಯಲ್ಲಿ ಈಗ ಅವರೊಬ್ಬರ ಬಾಯಲ್ಲಿ ಮಾತ್ರ ಉಳಿದಿವೆ. ಅಣ್ಣನ ಮೊಮ್ಮಗಳಿಗೆ ಮದುವೆ ಗೊತ್ತಾದಾಗ, ಆ ಹಾಡುಗಳನ್ನು ದಪ್ಪ ಅಕ್ಷರದಲ್ಲಿ ಅಚ್ಚುಮಾಡಿ ಕೇರಿಯ ಹೆಂಗಸರಿಗೂ ಹುಡುಗಿಯರಿಗೂ ಕೊಡಬೇಕೆಂದು ತೀರ್ಮಾನವಾಯಿತು. ಆಗಲೇ ತಿಳಿದುದು, ಅತ್ತಿಗೆಯವರ ಕಂಪ್ಯೂಟರಿಗೆ ಪ್ರಿಂಟರು ಕಾಣಿಸದೆಂದೂ, ನಡುಮನೆಯ ಕಂಪ್ಯೂಟರಿಗೆ ಅತ್ತಿಗೆಯವರದು ಕಾಣಿಸದೆಂದೂ.

ಬೆರಳುದ್ದದ ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಆ ಕೋಣೆಯಿಂದ ಈ ಕೋಣೆಗೆ ತರಬಾರದೆ ಎಂದು ವಾಚಕರು ಕೇಳಬಹುದು. ಕೆಲವು ದಿನ ಹಾಗೆಯೇ ಮಾಡಿದೆವು. ಆದರೆ ಅತ್ತಿಗೆಯವರು ಬರೆದುದನ್ನು ಬರೆದಂತೆ ಬಿಡುವವರಲ್ಲ. ರಾತ್ರಿ ಮಲಗಿದಾಗ ಒಂದು ನುಡಿ ನೆನಪಿಗೆ ಬಂದರೆ ಬೆಳಗ್ಗೆ ಎದ್ದು ತಿದ್ದುವರು. ಸೋಮವಾರ ತಂದ ಪ್ರತಿಗೂ ಗುರುವಾರ ತಂದ ಪ್ರತಿಗೂ ವ್ಯತ್ಯಾಸ. ನನ್ನ ಸೊಸೆಯ ಬಳಿ ಒಂದು ಪಾಠ, ನನ್ನ ಬಳಿ ಇನ್ನೊಂದು ಪಾಠ. ಹಸ್ತಪ್ರತಿಗಳನ್ನು ಸಂಶೋಧಿಸುವ ವಿದ್ವಾಂಸರು ಪಾಠಾಂತರಗಳಿಗಾಗಿ ಊರೂರು ಅಲೆಯುವರು. ನಮಗೆ ಒಂದೇ ಮನೆಯಲ್ಲಿ, ಕವಿಯಿತ್ರಿಯೇ ಎದುರಿಗಿರುವಾಗ, ನಾಲ್ಕು ಪಾಠಗಳು ಸಿದ್ಧವಾದುವು. ಮೂಲವೊಂದೇ ಇದ್ದು, ಎಲ್ಲರೂ ಆ ಮೂಲವನ್ನೇ ನೋಡಬೇಕು. ಹಂಚಿಕೆಯ ಪ್ರಯೋಜನವಿರುವುದು ಅಲ್ಲಿಯೇ.

ಇಂತಹ ತೊಡಕು ಬಂದಾಗ ಜನರು ಸಾಮಾನ್ಯವಾಗಿ ಮಾಡುವುದು ಎರಡು ಕೆಲಸ. ಎಲ್ಲವನ್ನೂ ಆರಿಸಿ ಮತ್ತೆ ಹೊತ್ತಿಸುವುದು ಒಂದು. ಪ್ರಿಂಟರನ್ನು ಬಯ್ಯುವುದು ಇನ್ನೊಂದು. ಮೊದಲನೆಯದರಿಂದ ಕೆಲವು ಸಾರಿ ಗುಣ ಕಾಣುವುದುಂಟು. ಎರಡನೆಯದರಿಂದ ಮನಸ್ಸಿಗೆ ಸಮಾಧಾನವುಂಟು. ಆದರೆ ರೋಗವನ್ನು ತಿಳಿಯಬೇಕಾದರೆ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಬೇಕು. ಈ ಎರಡು ಯಂತ್ರಗಳೂ ಒಂದೇ ಬೀದಿಯಲ್ಲಿವೆಯೆ? ಒಂದರ ವಿಳಾಸ ಇನ್ನೊಂದಕ್ಕೆ ಸರಿಯಾಗಿ ಗೊತ್ತಿದೆಯೆ? ಬಾಗಿಲು ತಟ್ಟಿದಾಗ ಒಳಗಿನವರು ತೆರೆಯಲು ಒಪ್ಪುವರೆ? ಒಬ್ಬರ ಮನೆಗೆ ಹೋಗುವಾಗ ನಾವು ಕೇಳಿಕೊಳ್ಳುವ ಪ್ರಶ್ನೆಗಳೂ ಇವೇ. ಇವುಗಳ ಕ್ರಮವನ್ನು ತಪ್ಪಿಸಿದವರು, ಬೀದಿಯನ್ನೇ ಅರಿಯದೆ ಬೀಗದ ಕೈಯನ್ನು ಹುಡುಕುವವರಂತೆ, ದಿನವೆಲ್ಲ ದುಡಿದು ಬರಿಗೈಯಲ್ಲಿ ಏಳುವರು.

ಮೊದಲನೆಯ ಪ್ರಶ್ನೆಗೆ ಉತ್ತರ ಪಡೆಯಲು ಒಂದು ಸುಲಭವಾದ ಸಾಧನವುಂಟು. ಅದರ ಹೆಸರು ಪಿಂಗ್. ೧೯೮೩ರ ಡಿಸೆಂಬರಿನಲ್ಲಿ ಅಮೆರಿಕದ ಸೈನ್ಯದ ಸಂಶೋಧನಾಲಯವೊಂದರಲ್ಲಿದ್ದ ಮೈಕ್ ಮೂಸ್ ಎಂಬವರು ಇದನ್ನು ಬರೆದರು. ನೀರಿನೊಳಗೆ ಶಬ್ದವನ್ನು ಕಳುಹಿಸಿ, ಅದರ ಪ್ರತಿಧ್ವನಿಯಿಂದ ಎದುರಿಗಿರುವ ವಸ್ತುವನ್ನು ಗುರುತಿಸುವ ಸೋನಾರ್ ಯಂತ್ರದ ಸದ್ದನ್ನೇ ಅವರು ಅದಕ್ಕೆ ಹೆಸರಾಗಿ ಇಟ್ಟರು. ಒಂದು ಯಂತ್ರವು ಇನ್ನೊಂದನ್ನು ಕುರಿತು “ಇದ್ದೀರಾ?” ಎಂದು ಕೂಗುವುದು, ಅದು “ಇದ್ದೇನೆ” ಎನ್ನುವುದು, ಇಷ್ಟೇ ಅದರ ವ್ಯವಹಾರ. ಆದರೆ ಒಂದು ಎಚ್ಚರಿಕೆ ಬೇಕು. ಉತ್ತರ ಬಾರದ ಮಾತ್ರಕ್ಕೆ ಒಳಗೆ ಯಾರೂ ಇಲ್ಲವೆಂದು ತೀರ್ಮಾನಿಸಲಾಗದು. ಅಪರಿಚಿತರ ಕೂಗಿಗೆ ಓಗೊಡಬಾರದೆಂದು ಕೆಲವು ಯಂತ್ರಗಳಿಗೆ ಕಟ್ಟಪ್ಪಣೆಯಾಗಿರುತ್ತದೆ.

ನಮ್ಮ ಮನೆಯಲ್ಲಿ ಈ ಕೂಗಾಟದಿಂದ ಒಂದು ವಿಶೇಷ ಹೊರಬಿದ್ದಿತು. ಅತ್ತಿಗೆಯವರ ಕಂಪ್ಯೂಟರು ಕರೆದರೆ ಪ್ರಿಂಟರು ಓಗೊಡುವುದು. ನಡುಮನೆಯ ಕಂಪ್ಯೂಟರು ಕರೆದರೆ ಅತ್ತಿಗೆಯವರದಕ್ಕೆ ಕೇಳಿಸುವುದೇ ಇಲ್ಲ. ವಿಳಾಸಗಳನ್ನು ನೋಡಲಾಗಿ ಕಾರಣ ತಿಳಿಯಿತು. ನಡುಮನೆಯ ಯಂತ್ರಗಳ ವಿಳಾಸಗಳೆಲ್ಲ ೧೯೨.೧೬೮.೧ ಎಂದು ಮೊದಲಾಗುತ್ತಿದ್ದುವು, ಅತ್ತಿಗೆಯವರದು ೧೯೨.೧೬೮.೦ ಎಂದು ಮೊದಲಾಗುತ್ತಿತ್ತು. ಜಗಲಿಯ ಅಲೆಗಳು ಹಿತ್ತಲ ಕೋಣೆಯನ್ನು ಮುಟ್ಟುವುದಿಲ್ಲವೆಂದು, ಕೆಲಸಗಾರನೊಬ್ಬನು ಹಿಂದಿನ ಪಡಸಾಲೆಯಲ್ಲಿ ಇನ್ನೊಂದು ರೌಟರನ್ನು ಕಟ್ಟಿಹೋಗಿದ್ದನಷ್ಟೆ. ಅದು ಮುಂದಿನ ರೌಟರಿಗೆ ಸಹಾಯಕನಾಗಿ ಇರುವುದಕ್ಕೆ ಬದಲಾಗಿ, ತಾನೇ ಯಜಮಾನನಾಗಿ, ಬೇರೆ ಒಲೆ ಹೂಡಿ, ತನ್ನ ಕಡೆಯವರಿಗೆ ಬೇರೆ ವಿಳಾಸಗಳನ್ನು ಕೊಡುತ್ತ ಕುಳಿತಿತ್ತು. ಮನೆ ಒಂದೇ, ಸಂಸಾರ ಎರಡು! ಇಂತಹ ವ್ಯವಸ್ಥೆಯಲ್ಲಿ ಒಳಸಂಸಾರದವರು ಹೊರಗಿನವರಿದ್ದಲ್ಲಿಗೆ ವಿಳಾಸ ಹಿಡಿದು ಹೋಗಬಹುದು. ಹೊರಗಿನವರು ಒಳಕ್ಕೆ ಬರಲಾರರು. “ಇಲ್ಲಿ ಪ್ರಿಂಟರು ಯಾರಾದರೂ ಇದ್ದೀರಾ?” ಎಂದು ಎಲ್ಲರನ್ನೂ ಉದ್ದೇಶಿಸಿ ಕೂಗುವ ಕೂಗಾದರೋ ನಡುವಣ ಗೋಡೆಯನ್ನು ಯಾವ ಕಡೆಗೂ ದಾಟದು. ಎರಡು ಕಡೆಯವರಿಗೂ ಇಂಟರ್‌ನೆಟ್ಟು ಮಾತ್ರ ಚೆನ್ನಾಗಿ ದೊರೆಯುತ್ತಿದ್ದುದರಿಂದ ಮನೆ ಒಡೆದಿರುವುದು ಯಾರ ಗಮನಕ್ಕೂ ಬಂದಿರಲಿಲ್ಲ. ಎಷ್ಟೋ ಕುಟುಂಬಗಳಲ್ಲಿಯೂ ಹೀಗೆಯೇ. ಹೊರಗಿನ ವ್ಯವಹಾರ ಸಾಗುತ್ತಿರುವವರೆಗೆ ಒಳಗೆ ಮಾತು ನಿಂತಿರುವುದು ತಿಳಿಯುವುದಿಲ್ಲ.

ಇದಕ್ಕೆ ಪರಿಹಾರ ಕಷ್ಟವಾದುದಲ್ಲ. ಹಿಂದಿನ ರೌಟರಿನ ಯಜಮಾನಿಕೆಯನ್ನು ತೆಗೆದು, ಆಕ್ಸೆಸ್ ಪಾಯಿಂಟ್ ಎಂಬ ಸ್ಥಾನದಲ್ಲಿ ಅದನ್ನು ನಿಲ್ಲಿಸಿದರೆ ಸಾಕು. ಅನಂತರ ಅದು ಅಲೆಗಳನ್ನು ಮಾತ್ರ ಹರಡುವುದು, ವಿಳಾಸ ಕೊಡುವ ಅಧಿಕಾರ ಮುಂದಿನ ರೌಟರೊಂದಕ್ಕೇ ಇರುವುದು. ನನ್ನ ಮಗ ಬೆಂಗಳೂರಿನಿಂದ ಬಂದಾಗ ಅರ್ಧ ಗಂಟೆಯಲ್ಲಿ ಈ ಕೆಲಸವನ್ನು ಮಾಡಿದನು.

ಅಲೆಗಳ ವಿಷಯವಾಗಿಯೂ ಒಂದು ಮಾತು ಹೇಳಬೇಕು. ಜಗದೀಶಚಂದ್ರ ಬೋಸರು ೧೮೯೫ರಲ್ಲಿ ಕಲ್ಕತ್ತೆಯಲ್ಲಿ ಗೋಡೆಗಳಾಚೆಗೆ ವಿದ್ಯುತ್ತಿನ ಅಲೆಗಳನ್ನು ಕಳುಹಿಸಿ, ದೂರದಲ್ಲಿದ್ದ ಗಂಟೆಯನ್ನು ಬಾರಿಸಿ, ಮದ್ದನ್ನು ಹೊತ್ತಿಸಿ ತೋರಿಸಿದರು. ಇಂದು ನಮ್ಮ ಮನೆಗಳಲ್ಲಿ ಗೋಡೆ ದಾಟುತ್ತಿರುವ ಅಲೆಗಳೂ ಅದೇ ಕುಲದವು. ವೈಫೈಗೆ ಹೆಚ್ಚಾಗಿ ಬಳಸುವ ಅಲೆಗಳು ಎರಡು ಬಗೆ. ೨.೪ ಗಿಗಾಹರ್ಟ್ಸಿನವು ನಿಧಾನ, ಆದರೆ ಗೋಡೆಯನ್ನು ಚೆನ್ನಾಗಿ ದಾಟುವುವು. ಭಾರತದಲ್ಲಿ ೨೦೦೫ರಿಂದ ಇವನ್ನು ಪರವಾನಗಿಯಿಲ್ಲದೆ ಯಾರು ಬೇಕಾದರೂ ಉಪಯೋಗಿಸಬಹುದಾಗಿದೆ. ೫ ಗಿಗಾಹರ್ಟ್ಸಿನವು ವೇಗಶಾಲಿಗಳು, ಆದರೆ ದಪ್ಪ ಗೋಡೆಯ ಮುಂದೆ ಸೋಲುವುವು. ಮನೆಬಳಕೆಯ ಪ್ರಿಂಟರುಗಳಲ್ಲಿ ಅನೇಕಕ್ಕೆ ಮೊದಲನೆಯ ಬಗೆಯೊಂದೇ ತಿಳಿಯುವುದು. ಆದುದರಿಂದ ರೌಟರಿನಲ್ಲಿ ವೇಗದ ಬಗೆಯೊಂದನ್ನೇ ಉಳಿಸಿ ನಿಧಾನದ ಬಗೆಯನ್ನು ನಿಲ್ಲಿಸಿದವರ ಮನೆಯಲ್ಲಿ ಪ್ರಿಂಟರು ಕಿವುಡಾಗುವುದು. ಇದು ಯಂತ್ರದ ದೋಷವಲ್ಲ; ಅದಕ್ಕೆ ಬಾರದ ಭಾಷೆಯಲ್ಲಿ ಅದನ್ನು ಮಾತನಾಡಿಸಿದ ಫಲ.

ಎರಡನೆಯ ಪ್ರಶ್ನೆ ವಿಳಾಸದ್ದು. ಎರಡು ಸಂಸಾರಗಳು ಕೂಡಿದ ಮೇಲೆ ಮೂರು ದಿನ ಪ್ರಿಂಟರು ಸುಖವಾಗಿ ಕೆಲಸ ಮಾಡಿತು. ನಾಲ್ಕನೆಯ ದಿನ ಸಂಜೆ ಗುಡುಗುಮಳೆ ಬಂದು, ವಾಡಿಕೆಯಂತೆ ಕರೆಂಟು ಹೋಗಿ, ನಡುರಾತ್ರಿ ಬಂದಿತು. ಬೆಳಗ್ಗೆ ನೋಡಿದರೆ ಪ್ರಿಂಟರಿನ ಹಸುರು ದೀಪ ಉರಿಯುತ್ತಿದೆ. ಕಂಪ್ಯೂಟರುಗಳು ಮಾತ್ರ ಅದು ಇಲ್ಲವೆಂದೇ ಸಾಧಿಸುತ್ತಿವೆ. ಮನೆಯೊಳಗಿನ ವಿಳಾಸಗಳು ಯಂತ್ರಗಳ ಸ್ವಂತ ಆಸ್ತಿಯಲ್ಲ. ರೌಟರು ಅವನ್ನು ಇಷ್ಟು ಕಾಲಕ್ಕೆಂದು ಗೇಣಿಗೆ ಕೊಡುತ್ತದೆ. ಈ ವ್ಯವಸ್ಥೆಗೆ ಡಿ.ಎಚ್.ಸಿ.ಪಿ. ಎಂದು ಹೆಸರು, ೧೯೯೩ರಲ್ಲಿ ಅದರ ನಿಯಮಗಳು ಪ್ರಕಟವಾದುವು. ಗೇಣಿಯ ಲೆಕ್ಕ ಮರೆತ ರೌಟರು, ಕರೆಂಟು ಬಂದೊಡನೆ ಮೊದಲು ಕೇಳಿದವರಿಗೆ ಮೊದಲು ಎಂಬಂತೆ ವಿಳಾಸಗಳನ್ನು ಹಂಚುವುದುಂಟು. ನಮ್ಮಲ್ಲಿ ಪ್ರಿಂಟರಿನ ಹಳೆಯ ವಿಳಾಸವು ನನ್ನ ಸೊಸೆಯ ಫೋನಿಗೆ ಹೋಗಿತ್ತು. ಕಂಪ್ಯೂಟರುಗಳು ಹಾಡುಗಳನ್ನು ಹೊತ್ತುಕೊಂಡು ಹಳೆಯ ವಿಳಾಸಕ್ಕೆ ಹೋಗಿ, ಅಲ್ಲಿ ಅಚ್ಚುಹಾಕಬಲ್ಲವರು ಯಾರನ್ನೂ ಕಾಣದೆ, ಬಾಗಿಲಲ್ಲೇ ಕಾಯುತ್ತ ನಿಂತಿದ್ದುವು.

ಪ್ರತಿಯೊಂದು ಯಂತ್ರಕ್ಕೂ ಹುಟ್ಟುಗುರುತಿನಂತಹ ಒಂದು ಸಂಖ್ಯೆಯಿರುವುದು. ಪ್ರಿಂಟರಿನ ಆ ಸಂಖ್ಯೆಯನ್ನು ರೌಟರಿನಲ್ಲಿ ಬರೆದು, ಈ ಗುರುತಿನವರಿಗೆ ಈ ವಿಳಾಸವನ್ನೇ ಕೊಡತಕ್ಕದ್ದೆಂದು ಶಾಶ್ವತವಾಗಿ ಕಾದಿರಿಸಬಹುದು. ಎಲ್ಲರೂ ಹುಡುಕಿಕೊಂಡು ಬರಬೇಕಾದವನು ಪದೇ ಪದೇ ಮನೆ ಬದಲಾಯಿಸಬಾರದಷ್ಟೆ. ಪ್ರಿಂಟರಿಗೆ ಅದರ ಹಳೆಯ ವಿಳಾಸವನ್ನೇ ಹೀಗೆ ಕಾದಿರಿಸಿ, ಎಲ್ಲವನ್ನೂ ಒಮ್ಮೆ ಆರಿಸಿ ಹೊತ್ತಿಸಿದೊಡನೆ, ಅದು ದೀರ್ಘವಾಗಿ ಉಸಿರೆಳೆದು ಹಾಳೆಗಳನ್ನು ಉಗುಳಲಾರಂಭಿಸಿತು. ಅದು ಕೆಟ್ಟಿದ್ದಾಗ ಒಂದೇ ಆರತಿಯ ಹಾಡನ್ನು ಮನೆಯವರು ಒಬ್ಬರಾದ ಮೇಲೊಬ್ಬರು ಪರೀಕ್ಷಾರ್ಥವಾಗಿ ಕಳುಹಿಸಿದ್ದರು; ಸರದಿಯಲ್ಲಿ ನಿಂತಿದ್ದ ಆ ಹನ್ನೊಂದು ಪ್ರತಿಗಳೂ ಒಂದರ ಹಿಂದೊಂದು ಹೊರಬಂದುವು. “ದೇವರಿಗೂ ಇಷ್ಟು ಆರತಿ ಎತ್ತಿದವರಿಲ್ಲ” ಎಂದರು ಅತ್ತಿಗೆಯವರು.

ಪ್ರಿಂಟರು ಒಂದು ಕಡೆ, ಕೆಲಸ ಕಳುಹಿಸಿದವರು ಇನ್ನೊಂದು ಕಡೆ, ಈ ಅಗಲಿಕೆಯಿಂದ ಹುಟ್ಟುವ ಸಂಕಟ ನಮಗೆ ಮೊದಲು ಬಂದುದಲ್ಲ. ೧೯೮೦ರ ಸುಮಾರಿನಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಪ್ರಯೋಗಾಲಯವೊಂದಕ್ಕೆ ಹೊಸ ಲೇಸರ್ ಪ್ರಿಂಟರು ಬಂದಿತು. ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿದ್ದವರಿಗೆಲ್ಲ ಸುದ್ದಿ ಮುಟ್ಟುವಂತೆ ರಿಚರ್ಡ್ ಸ್ಟಾಲ್‌ಮನ್ ಎಂಬವರು ಅದರ ಕ್ರಮವಿಧಿಯನ್ನು ತಿದ್ದಿದ್ದರು. ಹೊಸದಕ್ಕೂ ಹಾಗೆ ಮಾಡೋಣವೆಂದರೆ ಅದರ ಮೂಲಬರಹವನ್ನು ಅವರಿಗೆ ಯಾರೂ ಕೊಡಲಿಲ್ಲ. ತಾವು ದಿನವೂ ಬಳಸುವ ಯಂತ್ರದ ಒಳಗನ್ನು ತಾವೇ ನೋಡಲಾಗದ ಆ ಬೇಸರವೂ, ೧೯೮೩ರಲ್ಲಿ ಅವರು ಸ್ವತಂತ್ರ ತಂತ್ರಾಂಶದ ಚಳವಳಿಯನ್ನು ಆರಂಭಿಸಿದುದಕ್ಕೆ ಒಂದು ಕಾರಣವಾಯಿತು. ಸಿಕ್ಕಿಕೊಂಡ ಕಾಗದದಿಂದ ಇಷ್ಟು ದೊಡ್ಡ ಕೆಲಸವೊಂದು ಹುಟ್ಟಬಹುದೆಂಬುದು ಪ್ರಿಂಟರಿನ ಮುಂದೆ ಕೈಕಟ್ಟಿ ನಿಲ್ಲುವವರಿಗೆಲ್ಲ ಸ್ವಲ್ಪ ಸಮಾಧಾನ ಕೊಡಬೇಕು.

ಇನ್ನು ಮೂರನೆಯ ಪ್ರಶ್ನೆ, ಬಾಗಿಲಿನದು. ಮೊದಲೆರಡು ಪ್ರಶ್ನೆಗಳಲ್ಲಿ ಯಂತ್ರಗಳ ವಿಷಯವೇ ಹೆಚ್ಚು; ಇದರಲ್ಲಿ ಮನುಷ್ಯರ ವಿಷಯವೇ ಹೆಚ್ಚು. ಬೀದಿ ಸರಿಯಾಯಿತು, ವಿಳಾಸ ಸಿಕ್ಕಿತು. ಆದರೂ ನಡುಮನೆಯಿಂದ ಅತ್ತಿಗೆಯವರ ಕಂಪ್ಯೂಟರಿನ ಹಾಡುಗಳನ್ನು ತೆರೆಯಹೋದರೆ ಅನುಮತಿಯಿಲ್ಲವೆಂಬ ಉತ್ತರ ಬರುತ್ತಿತ್ತು. ಮೊದಲು ಹೀಗಿರಲಿಲ್ಲ, ಹತ್ತು ಹನ್ನೆರಡು ವರ್ಷದ ಹಿಂದೆ ಇಷ್ಟು ಬೀಗಗಳಿರಲಿಲ್ಲ, ಎಂದು ಗೊಣಗುವವರು ಅನೇಕರಿದ್ದಾರೆ. ಅವರು ಹೇಳುವುದು ನಿಜ. ಅದರ ಚರಿತ್ರೆಯನ್ನು ತಿಳಿದುಕೊಂಡರೆ ಗೊಣಗುವುದು ಕಡಮೆಯಾದೀತು.

ಒಂದು ಕಂಪ್ಯೂಟರು ಮತ್ತೊಂದರ ಫೈಲುಗಳನ್ನು ಕೇಳಿ ಪಡೆಯುವ ಎಸ್.ಎಂ.ಬಿ. ಎಂಬ ಪದ್ಧತಿಯನ್ನು ೧೯೮೦ರ ದಶಕದ ಮೊದಲ ಭಾಗದಲ್ಲಿ ಐ.ಬಿ.ಎಂ. ಸಂಸ್ಥೆಯ ಬ್ಯಾರಿ ಫೈಗೆನ್‌ಬಾಮ್ ಎಂಬವರು ರೂಪಿಸಿದರು. ಮೈಕ್ರೋಸಾಫ್ಟಿನವರು ಅದನ್ನು ಬೆಳೆಸಿ ತಮ್ಮ ವಿಂಡೋಸಿನಲ್ಲಿ ಸೇರಿಸಿದರು. ಬೇರೆ ಜಾತಿಯ ಯಂತ್ರಗಳೂ ಈ ಭಾಷೆಯನ್ನಾಡುವಂತೆ ೧೯೯೨ರ ಸುಮಾರಿನಲ್ಲಿ ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್ ಎಂಬವರು ಒಂದು ತಂತ್ರಾಂಶವನ್ನು ಬರೆದರು. ಅದಕ್ಕೆ ಹೆಸರು ಬೇಕಾದಾಗ, ಎಸ್, ಎಂ, ಬಿ ಎಂಬ ಮೂರಕ್ಷರಗಳು ಕ್ರಮವಾಗಿ ಬರುವ ಪದಗಳನ್ನು ಕಂಪ್ಯೂಟರಿನ ನಿಘಂಟಿನಲ್ಲಿ ಹುಡುಕಿಸಿ, ಸಿಕ್ಕಿದವುಗಳಲ್ಲಿ ಬ್ರೆಜಿಲಿನ ನೃತ್ಯವೊಂದರ ಹೆಸರಾದ ಸಾಂಬಾ ಎಂಬುದನ್ನು ಆರಿಸಿಕೊಂಡರು. ಹೆಸರಿಡುವ ಶಾಸ್ತ್ರಗಳಲ್ಲಿ ಇದೂ ಒಂದು! ಈ ಪದ್ಧತಿಗಳು ಹುಟ್ಟಿದ ಕಾಲದಲ್ಲಿ ಒಂದು ಜಾಲದೊಳಗಿದ್ದವರು ಒಂದೇ ಕಚೇರಿಯವರು, ಪರಸ್ಪರ ಮುಖಪರಿಚಯವಿದ್ದವರು. ಹಳ್ಳಿಯಲ್ಲಿ ಹಗಲೆಲ್ಲ ಬಾಗಿಲು ತೆರೆದಿರುವಂತೆ ಅವರ ಯಂತ್ರಗಳ ಬಾಗಿಲುಗಳೂ ತೆರೆದಿದ್ದುವು.

ಆ ಕಾಲ ಮುಗಿದುದು ಎಲ್ಲರಿಗೂ ತಿಳಿದುದು ೨೦೧೭ರ ಮೇ ೧೨ರಂದು. ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶವು, ಎಸ್.ಎಂ.ಬಿ.ಯ ಹಳೆಯ ಮೊದಲನೆಯ ಆವೃತ್ತಿಯಲ್ಲಿದ್ದ ಒಂದು ಬಿರುಕಿನಿಂದ ಒಳಹೊಕ್ಕು, ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹರಡಿ, ಜನರ ಬರಹಗಳಿಗೆಲ್ಲ ಬೀಗ ಹಾಕಿ, ಬಿಡಿಸಿಕೊಳ್ಳಲು ಹಣ ಕೇಳಿತು. ಸುಮಾರು ೧೫೦ ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಇದಕ್ಕೆ ಸಿಕ್ಕಿದುವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಬಿರುಕನ್ನು ಮುಚ್ಚುವ ತೇಪೆ ಎರಡು ತಿಂಗಳ ಮೊದಲೇ, ಮಾರ್ಚಿಯಲ್ಲಿ, ಹೊರಬಂದಿತ್ತು, ಹಾಕಿಕೊಳ್ಳದವರು ಹಾಳಾದರು. ಅದೇ ವರ್ಷದ ಕೊನೆಯ ಭಾಗದಿಂದ ಹೊಸ ವಿಂಡೋಸಿನಲ್ಲಿ ಆ ಹಳೆಯ ಆವೃತ್ತಿಯನ್ನು ತಾನಾಗಿಯೇ ಸ್ಥಾಪಿಸುವುದನ್ನು ನಿಲ್ಲಿಸಿದರು. ೨೦೧೮ರಲ್ಲಿ, ಮನೆಯ ಯಂತ್ರಗಳನ್ನೆಲ್ಲ ಒಂದೇ ಗುಟ್ಟುಮಾತಿನಿಂದ ಕೂಡಿಸುತ್ತಿದ್ದ ಹೋಮ್‌ಗ್ರೂಪ್ ಎಂಬ ಸೌಕರ್ಯವನ್ನೂ ತೆಗೆದರು. ೨೦೨೪ರ ಆವೃತ್ತಿಯ ಕೆಲವು ಬಗೆಗಳಲ್ಲಿ, ಹೆಸರು ಹೇಳದೆ ಅತಿಥಿಯೆಂದು ಒಳಬರುವುದನ್ನೂ ತಡೆದಿದ್ದಾರೆ. ಹೀಗೆ ಒಂದೊಂದಾಗಿ ಬಿದ್ದ ಬೀಗಗಳು ಯಾರದೋ ಹಠದಿಂದ ಬಿದ್ದುವಲ್ಲ. ಕಳ್ಳತನವಾದ ಮೇಲೆ ಊರಿನವರು ಹಾಕಿಕೊಂಡ ಅಗುಳಿಗಳು ಅವು.

ಈ ಅಗುಳಿಗಳನ್ನು ತೆಗೆಯುವ ವಿಷಯದಲ್ಲಿ ನನ್ನ ಮಗನಿಗೂ ಅತ್ತಿಗೆಯವರಿಗೂ ಒಂದು ಸಂವಾದ ನಡೆಯಿತು. ಈ ಲೇಖನವನ್ನು ಬರೆಯಲು ಅದೇ ಕಾರಣವಾದುದರಿಂದ ಅದನ್ನು ನಡೆದಂತೆಯೇ ಕೊಡುತ್ತೇನೆ.

“ದೊಡ್ಡಮ್ಮ, ಇನ್ನು ಎರಡು ನಿಮಿಷದ ಕೆಲಸ” ಎಂದನು ಮಗ. “ಇಲ್ಲಿ ಎವೆರಿಒನ್ ಅಂತ ಇದೆ, ನೋಡು. ಎಲ್ಲರೂ ಅಂತ ಅರ್ಥ. ಅದಕ್ಕೆ ಪೂರ್ತಿ ಅಧಿಕಾರ ಕೊಟ್ಟು, ಪಾಸ್‌ವರ್ಡು ಕೇಳದ ಹಾಗೆ ಮಾಡಿಬಿಟ್ಟರೆ ಮುಗಿಯಿತು.”

“ಎಲ್ಲರೂ ಅಂದರೆ ಯಾರಪ್ಪ?”

“ಯಾರು ಅಂದರೆ, ನಾವೇ. ಮನೆಯವರು.”

“ಮದುವೆಗೆ ಮುನ್ನೂರು ಜನ ಬರುತ್ತಾರೆ. ಬಂದವರೆಲ್ಲ ಮೊದಲು ಕೇಳೋದು ವೈಫೈ ಪಾಸ್‌ವರ್ಡು. ನೀನೇ ಚೀಟಿ ಬರೆದು ಜಗಲಿ ಕಂಬಕ್ಕೆ ಅಂಟಿಸಿದ್ದೀಯಲ್ಲ. ಅವರೂ ನಿನ್ನ ಎಲ್ಲರೊಳಗೆ ಸೇರಿದರೋ ಇಲ್ಲವೋ?”

ಮಗ ಉತ್ತರ ಕೊಡಲಿಲ್ಲ. ಅತ್ತಿಗೆಯವರೇ ಮುಂದುವರಿಸಿದರು:

“ಹಾಡು ಯಾರು ಬೇಕಾದರೂ ನೋಡಲಿ, ಬೇಡ ಅನ್ನೋದಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಇಟ್ಟಿದ್ದೇನೆ. ಅದು ನನ್ನದು.”

ಅವರ ಕಂಪ್ಯೂಟರಿನಲ್ಲಿ ಹಾಡುಗಳ ಫೋಲ್ಡರಿನ ಪಕ್ಕದಲ್ಲಿ, ‘ಸ್ವಂತ’ ಎಂಬ ಹೆಸರಿನ ಇನ್ನೊಂದು ಫೋಲ್ಡರಿತ್ತು. ಅದರಲ್ಲಿ ಏನಿದೆಯೆಂದು ನಾವು ಯಾರೂ ಕೇಳಲಿಲ್ಲ.

ನನಗೆ ಆಗ ನೆನಪಾದುದು ಅವರ ಟ್ರಂಕು. ನಮ್ಮದು ಅವಿಭಕ್ತ ಕುಟುಂಬವಾಗಿದ್ದ ಕಾಲದಲ್ಲಿ ಮನೆಯ ಯಾವ ಬಾಗಿಲಿಗೂ ಬೀಗವಿರಲಿಲ್ಲ. ಉಗ್ರಾಣ ಎಲ್ಲರದು, ದುಡ್ಡಿನ ಪೆಟ್ಟಿಗೆ ತಂದೆಯವರದು, ಮಕ್ಕಳು ಎಲ್ಲರವರು. ಮನೆಗೆ ಬಂದ ಸೊಸೆಯಂದಿರಿಗೆ ತಮ್ಮದೆಂದು ಹೇಳಿಕೊಳ್ಳಲು ಇದ್ದುದು ತವರಿನಿಂದ ತಂದ ಒಂದು ಟ್ರಂಕು ಮಾತ್ರ. ಅದರ ಬೀಗದ ಕೈ ಸೆರಗಿನ ತುದಿಯಲ್ಲಿರುತ್ತಿತ್ತು. ಆ ಟ್ರಂಕಿನಲ್ಲಿ ಬೆಲೆಬಾಳುವುದೇನೂ ಇದ್ದಿರಲಾರದು. ಆದರೂ ನನ್ನ ತಾಯಿಯವರು, ಮನೆಯಲ್ಲಿ ಎಲ್ಲರ ಮೇಲೂ ಅಧಿಕಾರ ನಡೆಸುತ್ತಿದ್ದವರು, ಯಾವ ಸೊಸೆಯ ಟ್ರಂಕನ್ನೂ ತೆರೆಯಿಸಿದುದನ್ನು ನಾನು ಕಾಣೆ. ಎಲ್ಲವನ್ನೂ ಹಂಚಿಕೊಂಡು ಬದುಕುತ್ತಿದ್ದ ಆ ಮನೆ ಅಷ್ಟು ಕಾಲ ಒಡೆಯದೆ ನಿಂತುದಕ್ಕೆ, ಹಂಚಿಕೊಳ್ಳಲಾಗದ ಆ ನಾಲ್ಕು ಟ್ರಂಕುಗಳೂ ಕಾರಣವಾಗಿದ್ದುವೆಂದು ಈಗ ನನಗೆ ತೋರುತ್ತದೆ. ಒಂದಿಷ್ಟಾದರೂ ತನ್ನದೆಂಬುದು ಇದ್ದವರು ಮಾತ್ರವೇ ಮಿಕ್ಕುದನ್ನು ಸಂತೋಷದಿಂದ ಕೊಡಬಲ್ಲರು. ಎಲ್ಲವನ್ನೂ ತೆರೆದಿಡಬೇಕೆಂದು ಬಲವಂತಮಾಡಿದ ಮನೆಯಲ್ಲಿ ಜನರು ಕೊಡುವುದನ್ನು ಬಿಟ್ಟು ಬಚ್ಚಿಡುವುದನ್ನು ಕಲಿಯುವರು.

ಯಂತ್ರವನ್ನು ರೂಪಿಸಿದವರು ಈ ಸೂಕ್ಷ್ಮವನ್ನು ಅರಿತಿದ್ದರೆಂದೇ ಹೇಳಬೇಕು. ವಿಂಡೋಸಿನಲ್ಲಿ ಹಂಚಿಕೆಗೆ ಎರಡು ಅನುಮತಿಗಳು ಬೇಕು. ಊರಬಾಗಿಲಿನದು ಒಂದು, ಕೋಣೆಯ ಬಾಗಿಲಿನದು ಇನ್ನೊಂದು. ಜಾಲದ ಮೂಲಕ ಬಂದವರಿಗೆ ಫೋಲ್ಡರನ್ನು ತೋರಿಸಬಹುದೆ ಎಂಬುದು ಮೊದಲನೆಯದು. ಆ ಫೋಲ್ಡರಿನೊಳಗೆ ಯಾರು ಏನು ಮಾಡಬಹುದೆಂಬುದು ಎರಡನೆಯದು. 
ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದೇ ನಡೆಯುತ್ತದೆ. ಒಂದನ್ನು ತೆರೆದು ಇನ್ನೊಂದನ್ನು ಮರೆತವರು, ತೆರೆದರೂ ತೆರೆಯದೆಂದು ತಲೆ ಚಚ್ಚಿಕೊಳ್ಳುವುದು ಈ ಕಾರಣದಿಂದಲೇ.

ಆ ಸಂಜೆ ನಮ್ಮಲ್ಲಿ ಮಾಡಿದ ಏರ್ಪಾಡು ಹೀಗೆ. ಅತ್ತಿಗೆಯವರ ಕಂಪ್ಯೂಟರಿನಲ್ಲಿ ಮನೆಯವರಿಗೆಂದು ಬೇರೆ ಒಂದು ಹೆಸರನ್ನು ಸೃಷ್ಟಿಸಿ, ಅದಕ್ಕೆ ಒಂದು ಪಾಸ್‌ವರ್ಡನ್ನು ಇಟ್ಟೆವು. ಪಾಸ್‌ವರ್ಡಿಲ್ಲದ ಹೆಸರಿನಿಂದ ಇನ್ನೊಂದು ಯಂತ್ರದ ಮೂಲಕ ಒಳಬರಲು ವಿಂಡೋಸು ಸಾಮಾನ್ಯವಾಗಿ ಬಿಡುವುದಿಲ್ಲ. ಕಂಪ್ಯೂಟರಿನ ಮುಂದೆ ಕುಳಿತಾಗ ಒತ್ತುವ ನಾಲ್ಕಂಕಿಯ ಪಿನ್ನು ಜಾಲದ ಮೂಲಕ ಬರುವವರಿಗೆ ನಡೆಯುವುದಿಲ್ಲ. ಇವೆರಡನ್ನೂ ತಿಳಿಯದೆ ಕಳೆದುಹೋದ ಗಂಟೆಗಳಿಗೆ ಲೋಕದಲ್ಲಿ ಲೆಕ್ಕವಿಲ್ಲ. ಆ ಹೊಸ ಹೆಸರಿನವರಿಗೆ ಹಾಡುಗಳ ಫೋಲ್ಡರೊಂದನ್ನೇ ತೆರೆದೆವು. ಅದೂ ಓದುವುದಕ್ಕೆ ಮಾತ್ರ. ತಿದ್ದುವುದಕ್ಕೂ ಅಳಿಸುವುದಕ್ಕೂ ಅಧಿಕಾರವಿಲ್ಲ. “ಹಾಡಲಿ, ಅಚ್ಚುಹಾಕಲಿ, ತಿದ್ದೋದು ಮಾತ್ರ ನನಗೆ ಬಿಡಿ” ಎಂದು ಅತ್ತಿಗೆಯವರ ಅಪ್ಪಣೆಯಾಗಿತ್ತು. ‘ಸ್ವಂತ’ವೆಂಬುದು ಇದ್ದಂತೆಯೇ ಇದ್ದಿತು. ರೌಟರನ್ನು ಬದಲಾಯಿಸಿದಾಗ ಇದು ಹೊಸ ಜಾಲವೆಂದು ತಿಳಿದ ವಿಂಡೋಸು ಅದನ್ನು ಸಾರ್ವಜನಿಕವೆಂಬ ವರ್ಗಕ್ಕೆ ಸೇರಿಸಿ, ಸಂತೆಯಲ್ಲಿ ಕುಳಿತವರಂತೆ ಮೈ ಮುಚ್ಚಿಕೊಂಡಿತ್ತು. ಅದನ್ನು ಖಾಸಗಿಯೆಂದು ಬದಲಾಯಿಸಿದೆವು. ಮದುವೆಗೆ ಬರುವ ನೆಂಟರಿಗಾಗಿ ರೌಟರಿನಲ್ಲಿ ಅತಿಥಿಗಳ ಜಾಲವೊಂದನ್ನು ಬೇರೆಯಾಗಿ ತೆರೆದೆವು. ಅದಕ್ಕೆ ಸೇರಿದವರಿಗೆ ಇಂಟರ್‌ನೆಟ್ಟು ದೊರೆಯುವುದು. ಮನೆಯ ಕಂಪ್ಯೂಟರುಗಳೂ ಪ್ರಿಂಟರೂ ಕಾಣಿಸವು. ಮನೆಯ ಜಾಲದ ಪಾಸ್‌ವರ್ಡನ್ನು ಬದಲಾಯಿಸಿ, ಜಗಲಿಯ ಕಂಬಕ್ಕೆ ಹೊಸ ಚೀಟಿಯನ್ನು ಅಂಟಿಸಿದನು ಮಗ. ನೆಂಟರನ್ನು ಜಗಲಿಯಲ್ಲಿ ಕೂರಿಸಿ ಉಪಚಾರಮಾಡುವುದು ಅವಮಾನವಲ್ಲವಷ್ಟೆ. ಅಡಿಗೆಮನೆಗೆ ಎಲ್ಲರನ್ನೂ ಕರೆಯುವ ಪದ್ಧತಿ ನಮ್ಮಲ್ಲಿ ಎಂದೂ ಇರಲಿಲ್ಲ.

ಇಷ್ಟೆಲ್ಲ ಆದ ಮೇಲೆ ನನಗೆ ದೃಢವಾದ ವಿಷಯವಿಷ್ಟು. ಯಂತ್ರಗಳು ಒಂದನ್ನೊಂದು ಕಾಣದಿದ್ದಾಗ ನಾವು ಅವಸರದಿಂದ ಎಲ್ಲ ಬಾಗಿಲುಗಳನ್ನೂ ತೆರೆದುಬಿಡುವೆವು. ಆಗ ಕೆಲಸವಾಗುವುದು ನಿಜ. ಆದರೆ ಯಾವುದರಿಂದ ಆಯಿತೆಂಬುದೂ ತಿಳಿಯದು, ತೆರೆದ ಬಾಗಿಲುಗಳನ್ನು ಮತ್ತೆ ಮುಚ್ಚುವವರೂ ಇರರು. ನಮ್ಮ ಮನೆಯಲ್ಲಿ ಪಾಸ್‌ವರ್ಡನ್ನು ತೆಗೆದುದರಿಂದ ಹಿತ್ತಲ ಕೋಣೆಯ ರೌಟರು ಸರಿಹೋಗುತ್ತಿರಲಿಲ್ಲ. ಪ್ರಿಂಟರಿನ ವಿಳಾಸವೂ ನಿಲ್ಲುತ್ತಿರಲಿಲ್ಲ. ಬೀದಿ, ವಿಳಾಸ, ಬಾಗಿಲು ಎಂಬ ಕ್ರಮದಲ್ಲಿ ಹೋಗಿ, ಪ್ರತಿಯೊಂದು ಮೆಟ್ಟಿಲಲ್ಲಿಯೂ ಒಂದನ್ನೇ ಬದಲಾಯಿಸಿ ನೋಡಿದವರಿಗೆ, ಕೊನೆಗೆ ತೆರೆಯಬೇಕಾದ ಬಾಗಿಲು ಒಂದೇ ಒಂದು ಉಳಿದಿರುವುದು. ಅದನ್ನು ತೆರೆಯುವ ಮೊದಲು ಆ ಕೋಣೆಯವರನ್ನು ಒಂದು ಮಾತು ಕೇಳಬೇಕು. ಹಂಚಿಕೆಯೆಂಬುದಕ್ಕೆ ಉಪಾಯವೆಂದೂ ಅರ್ಥವುಂಟೆಂದು ಮೊದಲು ಹೇಳಿದೆನಲ್ಲವೆ? ಏನನ್ನು ಕೊಡಬೇಕು, ಯಾರಿಗೆ ಕೊಡಬೇಕು, ಎಷ್ಟನ್ನು ಉಳಿಸಿಕೊಳ್ಳಬೇಕೆಂಬ ವಿವೇಕವೇ ಆ ಉಪಾಯ.

ಮದುವೆ ವೈಶಾಖದಲ್ಲಿ ಸಾಂಗವಾಗಿ ನೆರವೇರಿತು. ಅಚ್ಚಾದ ಹಾಳೆಗಳನ್ನು ಹಿಡಿದು ಹಾಡಿದವರು ಹದಿನಾರು ಮಂದಿ. ಅವರಲ್ಲಿ ಕೇರಿಯ ಇಬ್ಬರು ಹುಡುಗಿಯರು ಹಸೆಗೆ ಕರೆಯುವ ಹಾಡನ್ನು ಹಾಳೆ ನೋಡದೆಯೇ ಹಾಡಿದರು. ಅದನ್ನು ಕೇಳಿ ಅತ್ತಿಗೆಯವರು ಮೂರನೆಯ ನುಡಿಯಲ್ಲಿ ಒಂದು ಮಾತು ತಪ್ಪಿದೆಯೆಂದರು. ಮರುದಿನ ಬೆಳಗ್ಗೆ ನಡುಮನೆಯಲ್ಲಿ ತೆರೆದು ನೋಡಿದಾಗ ಆ ಮಾತು ಮೂಲದಲ್ಲಿಯೇ ತಿದ್ದಿತ್ತು, ಹುಡುಗಿಯರು ಹಾಡಿದಂತೆ.